ದೇವರ ಜಗಲಿಯ ಬಾಗಿಲಿಗೆ ಹಚ್ಚಿದ ಅಂಟು

ಈ ಮಳೆಗಾಲಕ್ಕೆ ನಮ್ಮ ದೇವರ ಜಗಲಿಯ ಬಾಗಿಲಿನ ಅಂಟು ಮತ್ತೆ ಬಿಟ್ಟಿದೆ. ನನ್ನ ತಮ್ಮನ ಮಗ ಮಹಾಂತೇಶ ಕಲಘಟಗಿಯಿಂದ ಬಿಳಿ ಅಂಟಿನ ಡಬ್ಬಿ ತಂದು ನನ್ನ ಮುಂದಿಟ್ಟಿದ್ದಾನೆ. ಇದರಲ್ಲಿ ಪ್ರಾಣಿಯದು ಏನೂ ಇಲ್ಲ, ಒಮ್ಮೆ ಹಚ್ಚಿದರೆ ತನ್ನ ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ, ಹೂಂ ಅನ್ನು ಅತ್ತಿ, ನಾಳೆ ಬೆಳಿಗ್ಗೆ ಮುಗಿಸಿಬಿಡುತ್ತೇನೆ ಎಂದು ಹೇಳಿ ಹೊಲಕ್ಕೆ ಹೋದ. ನನಗೆ ಯಾವುದನ್ನೂ ತಡ ಮಾಡುವ ಅಭ್ಯಾಸವಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸಿ ನಿವೃತ್ತಳಾದವಳು ನಾನು. ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಉಣ್ಣುವುದು, ಎದ್ದ ಕೂಡಲೇ ಹಾಸಿಗೆ ಮಡಚುವುದು ಇಷ್ಟರಲ್ಲೇ ನನ್ನ ಆಯುಷ್ಯ ಹೋಗಿದೆ. ಆದರೂ ಈ ಡಬ್ಬಿಯ ಮುಂದೆ ಮಧ್ಯಾಹ್ನದಿಂದ ಕೂತಿದ್ದೇನೆ. ಯಾಕೆಂದು ಹೇಳಬೇಕಾದರೆ ನಮ್ಮೂರು ತಂಬೂರಿನ ಇದೇ ಮನೆಯ ಇದೇ ನಡುಮನೆಗೆ, ನಾನು ಪರಕಾರ ಪೋಲಕ ತೊಡುವ ಹುಡುಗಿಯಾಗಿದ್ದ ಕಾಲದ ಒಂದು ಶ್ರಾವಣ ಸೋಮವಾರಕ್ಕೆ ಹೋಗಬೇಕು.

ಆಗ ಮನೆಯ ಮುಂಭಾಗದಲ್ಲಿ ದನ ಕಟ್ಟುತ್ತಿದ್ದರು. ಅದನ್ನು ದಾಟಿ ಕಟ್ಟೆ ಹತ್ತಿದರೆ ಪಡಸಾಲೆ, ಅದರ ಹಿಂದೆ ಬೆಳಕು ಕಡಿಮೆ ಇದ್ದ ನಡುಮನೆ, ಅದರ ಬಲಕ್ಕೆ ಅಡುಗೆಮನೆ. ನಡುಮನೆಯ ಮೂಡಲ ಗೋಡೆಗೆ ದೇವರ ಜಗಲಿ. ಬೇರೆಯವರ ಮನೆಯಲ್ಲಿ ಜಗಲಿಯೆಂದರೆ ಕಲ್ಲಿನ ಕಟ್ಟೆ ಇಲ್ಲವೇ ಗೋಡೆಯ ಗೂಡು. ನಮ್ಮದು ಮಾತ್ರ ಸಾಗವಾನಿಯ ಪುಟ್ಟ ಕಪಾಟು. ಅಜ್ಜ ಅದನ್ನು ಅಳ್ನಾವರದಲ್ಲಿ, ರೈಲ್ವೆಯ ಹಳೆ ಸಾಮಾನು ಮಾರುವಾಗ ಕೊಂಡು ಚಕ್ಕಡಿಯಲ್ಲಿ ತಂದಿದ್ದರಂತೆ. ಯಾವುದೋ ಕಚೇರಿಯ ಮೇಜಿನ ಮೇಲೆ ಕಾಗದಪತ್ರ ಇಡಲು ಮಾಡಿದ್ದು ಅದು. ಅದಕ್ಕೆ ಎರಡು ಪಕ್ಕಕ್ಕೆ ತೆರೆಯುವ ಬಾಗಿಲಿರಲಿಲ್ಲ. ಬೆರಳಗಲದ ಕಟ್ಟಿಗೆಯ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ, ಹಿಂದೆ ಒಂದು ಬಟ್ಟೆಗೆ ಅಂಟಿಸಿದ ಬಾಗಿಲು. ಕೆಳಗಿನ ಹಿಡಿಕೆ ಹಿಡಿದು ಮೇಲೆತ್ತಿದರೆ ಪಟ್ಟಿಗಳು ಪಕ್ಕದಲ್ಲಿ ಕೊರೆದ ತೋಡಿನಲ್ಲಿ ಬಾಗುತ್ತ ಹೋಗಿ ಕಪಾಟಿನ ತಲೆಯ ಹಿಂದೆ ಅಡಗುತ್ತಿದ್ದವು. ಕೆಳಗೆಳೆದರೆ ಒಂದರ ಹಿಂದೆ ಒಂದು ಇಳಿದು ಬಂದು ದೇವರನ್ನು ಮುಚ್ಚುತ್ತಿದ್ದವು. ನಾವು ಅದನ್ನು ಪಟ್ಟಿಬಾಗಿಲು ಅನ್ನುತ್ತಿದ್ದೆವು.

ಆ ಬಾಗಿಲ ಸದ್ದೇ ನಮ್ಮ ಮನೆಯ ಗಡಿಯಾರ. ನಸುಕಿನಲ್ಲಿ ಅದು ಗರಗರ ಮೇಲೇರಿದರೆ ಮಕ್ಕಳು ಏಳಬೇಕು. ಆಯಿ, ಅಂದರೆ ಅಪ್ಪನ ತಾಯಿ, ಮಡಿಯುಟ್ಟು ವಿಭೂತಿ ಧರಿಸಿ ಪೂಜೆಗೆ ಕೂಡುವಳು. ಪೂಜೆ ಮುಗಿಸಿ ಅವಳು ಬಾಗಿಲು ಕೆಳಗಿಳಿಸಿದಾಗ ಇನ್ನೊಂದು ಸದ್ದು, ಕೊನೆಗೆ ಮೆತ್ತಗೆ ಟಕ್ ಎಂದು ಕೂಡುವ ಸದ್ದು. ಅದು ಕೇಳಿದ ಮೇಲೆ ಒಲೆಯ ಮೇಲಿನ ಚಹಾ ಇಳಿಯುತ್ತಿತ್ತು, ರೊಟ್ಟಿ ತಾಟಿಗೆ ಬೀಳುತ್ತಿತ್ತು. ಅದಕ್ಕೂ ಮೊದಲು ದೊಡ್ಡವರ ಬಾಯಿಗೆ ಹನಿ ನೀರೂ ಇಲ್ಲ. ಯಾಕೆ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಆ ಬಾಗಿಲನ್ನು ಮುಟ್ಟುವ ಹಕ್ಕು ಆಯಿ ಒಬ್ಬಳದೇ. ಅವ್ವ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಬಾಗಿಲನ್ನು ರಪ್ಪನೆ ಎಳೆದು ಮುಚ್ಚಿದ್ದಳಂತೆ. ನಿನ್ನ ಕೈ ಅವಸರದ ಕೈ ಎಂದು ಆಯಿ ಅಂದವಳು ಮತ್ತೆ ಅವಳಿಗೆ ಅದನ್ನು ಮುಟ್ಟಗೊಟ್ಟಿರಲಿಲ್ಲ. ಅವ್ವ ಪತ್ರಿ ಕೊಯ್ದು ತಂದು ದೂರದಿಂದ ಇಟ್ಟು ಹೋಗುವಳು. ಇಬ್ಬರ ನಡುವೆ ಜಗಳವೆಂದು ಹೇಳಲಾರೆ. ಮಾತು ಮಾತ್ರ ಉಪ್ಪು, ಎಣ್ಣೆ, ಹಾಲಿನಷ್ಟಕ್ಕೆ ಇತ್ತು.

ಆ ಶ್ರಾವಣಕ್ಕೆ ಮೊದಲು ಆಯಿ ಜ್ವರ ಬಂದು ಮಲಗಿ ಎದ್ದಿದ್ದಳು. ಕೈಯ ಬಳೆ ಮೊಣಕೈಗೆ ಜಾರುವಷ್ಟು ಇಳಿದಿದ್ದಳು. ಕಲಘಟಗಿಯ ಡಾಕ್ಟರು ಅಪ್ಪನನ್ನು ಬದಿಗೆ ಕರೆದು, ಮುದುಕಿಯ ಹೊಟ್ಟೆ ಖಾಲಿ ಬಿಡಬೇಡಿ, ನೀರಂತೂ ತಪ್ಪಿಸಲೇಬೇಡಿ, ಇನ್ನೊಮ್ಮೆ ಮಲಗಿದರೆ ಏಳಿಸುವುದು ಕಷ್ಟ ಎಂದು ಹೇಳಿದ್ದರು. ಅಪ್ಪ ಅದನ್ನು ಅವ್ವನಿಗೆ ಹೇಳುವಾಗ ನಾನು ಕೇಳಿಸಿಕೊಂಡಿದ್ದೆ. ಆ ಸೋಮವಾರ ಬೆಳಿಗ್ಗೆ ಬಾಗಿಲು ಮೇಲೇರಿದ ಸದ್ದು ಎಂದಿನಂತೆ ಕೇಳಿತು. ಪೂಜೆಯಾಯಿತು. ಇಳಿಯುವ ಸದ್ದು ಅರ್ಧಕ್ಕೆ ನಿಂತಿತು, ಆಮೇಲೆ ಕಟ್ಟಿಗೆ ಚೆಲ್ಲಿದ ಸದ್ದು. ನಾವು ಓಡಿಹೋಗಿ ನೋಡಿದರೆ ಹಿಡಿಕೆಯ ಪಟ್ಟಿ ಆಯಿಯ ಕೈಯಲ್ಲಿತ್ತು, ಉಳಿದವು ಅವಳ ಉಡಿಯಲ್ಲಿ, ನೆಲದ ಮೇಲೆ, ದೀಪದ ಸುತ್ತ ಬಿದ್ದಿದ್ದವು. ಹಿಂದಿನ ಬಟ್ಟೆ ಸವೆದು ಲಡ್ಡಾಗಿ ಹರಿದು ಜೋತಾಡುತ್ತಿತ್ತು.

ಆಯಿ ಗಾಬರಿಯಾಗಲಿಲ್ಲ. ಪಟ್ಟಿಗಳನ್ನು ಆರಿಸಿ ಒಂದೆಡೆ ಒಟ್ಟಿದಳು. ಮಕ್ಕಳಿಗೆ ಉಣ್ಣಲಿಕ್ಕೆ ಹಾಕು, ನೀವೂ ಉಣ್ಣಿರಿ ಎಂದು ಅವ್ವನಿಗೆ ಹೇಳಿ, ತಾನು ತೆರೆದ ಜಗಲಿಯ ಮುಂದೆ ಕಂಬಳಿ ಹಾಸಿಕೊಂಡು ಕೂತಳು. ಅಪ್ಪ ನೀರಿನ ತಂಬಿಗೆ ಹಿಡಿದು ಬಂದ. ಅಪ್ಪ ಊರಿನ ಶಾಲೆಯ ಮಾಸ್ತರ. ಅವನ ಮಾತಿಗೆ ಇಡೀ ಊರು ಸುಮ್ಮನಾಗುತ್ತಿತ್ತು, ಆಯಿ ಒಬ್ಬಳು ಬಿಟ್ಟು.

"ಬಾಗಿಲಾ ಮುಚ್ಚೂತನಕ ಪೂಜಿ ಮುಗದಂಗಲ್ಲ, ಬಸೂ. ತಂಬಿಗಿ ಒಯ್ಯಿ."

"ಒಂದ ಧೋತರ ಕಟ್ತೀನಿ ಯವ್ವಾ. ಮುಚ್ಚಿದಂಗ ಆತಲ್ಲ."

"ಅರಿವಿ ಕಟ್ಟಿದ್ರ ಹೊದಿಸಿದಂಗ. ಮುಚ್ಚಿದಂಗಲ್ಲ."

ಅಪ್ಪ ತಂಬಿಗೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದ. ಶಾಲೆಗೆ ರಜೆಯ ಚೀಟಿ ಕಳಿಸಿದ. ಅವನು ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಬಾಗಿಲನ್ನು ಸಂಜೆಯೊಳಗೆ ಮುಚ್ಚಬೇಕು, ಇಲ್ಲದಿದ್ದರೆ ಆಯಿ ಹನಿ ನೀರಿಲ್ಲದೆ ರಾತ್ರಿ ಕಳೆಯುತ್ತಾಳೆ. ಇಷ್ಟು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಲಿಲ್ಲ.

ಮೊದಲ ಉಪಾಯ ಅಪ್ಪನ ತಮ್ಮ ಈರಪ್ಪ ಕಾಕಾನದು. ಸೈಕಲ್ ಟ್ಯೂಬಿಗೆ ತೇಪೆ ಹಚ್ಚುವ ಸೊಲ್ಯೂಷನ್ನಿನ ಟ್ಯೂಬು ಅವನ ಕಿಸೆಯಲ್ಲೇ ಇತ್ತು. ಇದಾದರೆ ಉಗುಳು ಆರುವುದರೊಳಗೆ ಹಿಡಿಯುತ್ತದೆ, ಬಾಗಿದರೂ ಬಿಡುವುದಿಲ್ಲ ಎಂದು ಪಡಸಾಲೆಯಲ್ಲಿ ಕೂತು ನಾಲ್ಕಾರು ಪಟ್ಟಿಗಳನ್ನು ಒಂದು ಚಿಂದಿಗೆ ಅಂಟಿಸಿದ. ಬಟ್ಟೆ ಬಾಗಿತು ನಿಜ. ಆದರೆ ಪಟ್ಟಿಗಳು ಬಟ್ಟೆಯ ಮೇಲೆ ಕೆಸರಿನಲ್ಲಿ ಕಾಲಿಟ್ಟಂತೆ ಸರಿದವು. ಕೊರೆದ ತೋಡಿನಲ್ಲಿ ಇಂಥ ಬಾಗಿಲು ಒಂದು ಗೇಣು ಏರುವುದರೊಳಗೆ ಸೊಟ್ಟಗಾಗಿ ಸಿಕ್ಕಿಕೊಳ್ಳುತ್ತದೆ ಎಂದು ನನಗೂ ತಿಳಿಯಿತು. ನಾತ ಬೇರೆ ನಡುಮನೆಯ ತನಕ ಹೋಗಿತ್ತು.

"ಈರ್ಯಾ, ದೇವರಿಗೆ ಪಂಕ್ಚರ್ ಆಗೇತೇನೋ?" ಎಂದು ಆಯಿ ಒಳಗಿನಿಂದಲೇ ಕೇಳಿದಳು. ಕಾಕಾ ಟ್ಯೂಬನ್ನು ಕಿಸೆಗೆ ಹಾಕಿಕೊಂಡ.

ಅಪ್ಪ ಅವನನ್ನು ಸೈಕಲ್ ಮೇಲೆ ದುಮ್ಮವಾಡದ ಬಡಿಗೇರನ ಮನೆಗೆ ಕಳಿಸಿದ. ಬಡಿಗೇರ ಯಾರದೋ ಮನೆಯ ತೊಲೆ ಏರಿಸಲು ಹೋಗಿದ್ದ, ಸಂಜೆಗೂ ಬರುವ ಹಾಗಿರಲಿಲ್ಲ. ಅವನ ಹೆಂಡತಿ ಮನೆಯಲ್ಲಿದ್ದ ಅಂಟನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಕಾಕಾ ಬರುವುದರೊಳಗೆ ಅಪ್ಪ ಹಿತ್ತಲ ಕಟ್ಟೆಯ ಮೇಲೆ ಪಟ್ಟಿಗಳನ್ನು ಹರವಿ, ಅವುಗಳ ಬೆನ್ನಿಗೆ ಅಂಟಿಕೊಂಡಿದ್ದ ಹಳೆಯ ಬಟ್ಟೆಯ ಚೂರುಗಳನ್ನು ಬಿಸಿನೀರಿನಿಂದ ತೋಯಿಸಿ ಕೀಳುತ್ತಿದ್ದ. ನಾನು ನೀರು ಹಾಕುತ್ತಿದ್ದೆ. ಬಿಸಿ ತಾಗಿದಂತೆ ಹಳೆಯ ಅಂಟು ಕಂದು ಬಣ್ಣದ ಲೋಳೆಯಾಗಿ ಎದ್ದಿತು. ಹಸಿ ಚರ್ಮದ ಮಬ್ಬು ವಾಸನೆ ಬಂತು. ಅಷ್ಟರಲ್ಲಿ ಬಂದ ಕಾಕಾ ಕಾಗದ ಬಿಚ್ಚಿದ. ಒಳಗೆ ಬೆಲ್ಲದ ತೆಳು ಬಿಲ್ಲೆಯಂಥ ತುಂಡುಗಳು. ಮೂಸಿ ನೋಡಿದರೆ ಅದೇ ವಾಸನೆ.

ಅದು ಸರೇಸು. ದನದ ತೊಗಲು, ಗೊರಸು, ಎಲುಬು ಕುದಿಸಿ ತೆಗೆದ ಅಂಟು. ಬಡಿಗೇರರು ಕುರ್ಚಿ ಮೇಜುಗಳಿಗೆ ಹಚ್ಚುವುದು ಅದನ್ನೇ. ಬಿಸಿಯಿದ್ದಾಗ ಹಚ್ಚಿದರೆ ತಣ್ಣಗಾಗುತ್ತಿದ್ದಂತೆ ಹಿಡಿಯುತ್ತದೆ. ಮಾಂಸದ ಪಾತ್ರೆ ತೊಳೆದ ನೀರೂ ಅಂಗಳಕ್ಕೆ ಬೀಳಬಾರದೆನ್ನುವ ನಮ್ಮ ಮನೆಯ ದೇವರು ಅಜ್ಜನ ಕಾಲದಿಂದಲೂ ಆ ಅಂಟಿನ ಹಿಂದೆಯೇ ಕೂತಿದ್ದರು. ಅಪ್ಪ ಮತ್ತು ಕಾಕಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ತುಂಡುಗಳನ್ನು ಚೂರು ಮಾಡಿ ನೀರಿಗೆ ಹಾಕಿದ. ನೆನೆದ ಮೇಲೆ ಬೋಗುಣಿಯನ್ನು ಹಿತ್ತಲ ಒಲೆಯ ಮೇಲೆ ಕುದಿಯುವ ನೀರಿನಲ್ಲಿಟ್ಟು ಕರಗಿಸತೊಡಗಿದ. ವಾಸನೆ ಗಾಳಿಯ ಜೊತೆ ಒಳಗೆ ಹೋಯಿತು.

"ಏನ್ ವಾಸನಿ ಅದು, ಬಸೂ?"

"ಮರದ ಅಂಟು ಯವ್ವಾ. ಸಂಜೀತನಕ ಆಗ್ತೈತಿ."

ನಾನು ಒಂದು ಸಣ್ಣ ಸುಳ್ಳು ಹೇಳಿದರೆ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದ ಅಪ್ಪ ಅದನ್ನು ನನ್ನ ಮುಂದೆಯೇ, ಉಸಿರು ಕೂಡ ಬದಲಿಸದೆ ಹೇಳಿದ್ದ. ನನ್ನ ಕಡೆ ಅವನು ನೋಡಲಿಲ್ಲ. ನೋಡಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ. ಅವ್ವ ಬಂದು, ಸೆರಗಿನಿಂದ ಬೋಗುಣಿ ಹಿಡಿದು ಒಲೆಯಿಂದ ಕೆಳಗಿಳಿಸಿದಳು.

"ಹೇಳಿ ಹಚ್ರಿ," ಅಂದಳು, ಒಳಗೆ ಕೇಳದಂತೆ ತಗ್ಗಿದ ದನಿಯಲ್ಲಿ.

"ಹೇಳಿದ್ರ ಒಪ್ಪೂದಿಲ್ಲ. ಒಪ್ಪಲಿಲ್ಲಂದ್ರ ನೀರ ಮುಟ್ಟೂದಿಲ್ಲ. ಡಾಕ್ಟರ್ ಏನಂದಾರ ಮರತೀ ಏನು?"

"ಮರತಿಲ್ರಿ."

"ಮೊದಲಿಂದೂ ಇದ ಇತ್ತಲ್ಲ. ಯಾರಿಗೆ ಏನಾಗೇತಿ?"

"ಮೊದಲ ಯಾರಿಗೂ ಗೊತ್ತಿರಲಿಲ್ಲ. ಈಗ ನಿಮಗ ಗೊತ್ತೈತಿ, ನನಗ ಗೊತ್ತೈತಿ, ಈ ಹುಡಿಗಿಗೆ ಗೊತ್ತೈತಿ. ಅವರ ಒಬ್ಬರಿಗೆ ಬ್ಯಾಡೇನ್ರಿ?"

ಅಪ್ಪ ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಇವತ್ತ ಆಕಿಗೆ ಏನರೆ ಆದ್ರ ಅದು ನಿನ್ನ ಕೈಯಿಂದ ಆದಂಗ, ಶಾಂತಾ. ತಿಳದ ಹೋಗು."

ಅವ್ವ ತಿಳಿದೇ ಹೋದಳು. ನಡುಮನೆಯಲ್ಲಿ, ಎಂದೂ ಹೋಗದಷ್ಟು ಜಗಲಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಹಳೆಯ ಅಂಟು ಏನಿತ್ತು, ಒಲೆಯ ಮೇಲಿದ್ದದ್ದು ಏನು, ಎರಡನ್ನೂ ಹೇಳಿದಳು. ಮುಚ್ಚಿಡಲಿಲ್ಲ, ಸವರಿ ಹೇಳಲಿಲ್ಲ, ಗಂಡನ ಮೇಲೆ ದೂರೂ ಹೇಳಲಿಲ್ಲ. ಆಯಿ ದೇವರ ಕಡೆ ತಿರುಗಿದಳು. ಹಿತ್ತಲ ಬಾಗಿಲಲ್ಲಿ ಅಪ್ಪ, ಅವನ ಹಿಂದೆ ಕಾಕಾ. ಅವಳು ಜಗಲಿಯನ್ನೇ ಹೊರಗೆ ಹಾಕಿಸುತ್ತಾಳೆ, ಇಲ್ಲವೇ ಶುದ್ಧಿಗೆಂದು ಮತ್ತಷ್ಟು ಉಪವಾಸ ಹಿಡಿಯುತ್ತಾಳೆ ಎಂದು ಅವರು ಕಾಯುತ್ತಿದ್ದರೇನೋ.

"ಇಷ್ಟ ವರ್ಷ ಇವರ ಒಂದ ಮಾತ ಅನ್ಲಿಲ್ಲ ನೋಡು," ಎಂದಳು ಆಯಿ, ದೇವರ ಕಡೆ ಕೈ ತೋರಿಸಿ. ಆಮೇಲೆ, "ಗೊತ್ತಿಲ್ಲದಾಗ ನಡೀತು. ಇನ್ನ ನಡಿಯೂದಿಲ್ಲ. ಅದನ್ನ ಬಿಟ್ರ ಏನ ಹಚ್ಚತಿ?"

"ಹುಣಸಿ ಬೀಜದ ಅಂಟು, ಅತ್ತಿ. ನಮ್ಮ ತವರಮನಿ ಬಾಜೂಕ ಕಂಬಳಿ ನೇಯ್ತಾರ್ರಿ. ನೂಲಿಗೆ ಅದನ್ನ ಹಚ್ಚತಾರ."

"ಎಷ್ಟೊತ್ತು?"

"ಮಳಿ ಹವಾ ಐತ್ರಿ. ನಾಳೆ ಮುಂಜಾನಿ."

ಆಯಿ ಕಂಬಳಿಯ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದಳು. ಅಪ್ಪ ಹಿತ್ತಲಿಗೆ ಹೋಗಿ ಸರೇಸಿನ ಬೋಗುಣಿಯನ್ನು ತಿಪ್ಪೆಗೆ ಮಗುಚಿದ. ಆಮೇಲೆ ಅಂದು ಅವ್ವನೊಂದಿಗೆ ಮಾತಾಡಲಿಲ್ಲ.

ನಾವು ಮಕ್ಕಳು ಆಡಲೆಂದು ಗಡಿಗೆಯಲ್ಲಿ ಕೂಡಿಟ್ಟ ಹುಣಸೆ ಬೀಜವೆಲ್ಲ ಅಂದು ಖಾಲಿಯಾಯಿತು. ಅವ್ವ ಅವನ್ನು ಹಂಚಿನ ಮೇಲೆ ಹುರಿದಳು. ಸಿಡಿಯುತ್ತಿದ್ದ ಬೀಜಗಳನ್ನು ಒರಳಲ್ಲಿ ಕುಟ್ಟಿ ಕಪ್ಪು ಸಿಪ್ಪೆ ಕೇರಿದಳು, ಬಿಳಿ ಬೇಳೆಯನ್ನು ಬೀಸುಕಲ್ಲಿಗೆ ಹಾಕಿದಳು. ಹಿಟ್ಟನ್ನು ನೀರಿಗೆ ಕಲಸಿ, ಗಂಟಾಗದಂತೆ ತಿರುವುತ್ತ, ಅಂಬಲಿಗಿಂತ ಗಟ್ಟಿಯಾಗಿ ಕುದಿಸಿದಳು. ಕಾಕಾ ಹಲಗೆಯೊಂದರ ಮೇಲೆ ಪಟ್ಟಿಗಳನ್ನು ಬೋರಲಾಗಿ ಒತ್ತೊತ್ತಿ ಜೋಡಿಸಿ, ಎರಡು ತುದಿಗೂ ಬೆಣೆ ಬಡಿದ. ಅವ್ವ ಅಂಟನ್ನು ಪಟ್ಟಿಗಳಿಗೆ ಹಚ್ಚಲಿಲ್ಲ, ಮಂಜರಪಾಟವೆಂಬ ದಪ್ಪ ಹತ್ತಿ ಬಟ್ಟೆಗೆ ಹಚ್ಚಿದಳು. ಪಟ್ಟಿಗೆ ಹಚ್ಚಿದರೆ ಸಂದಿಗೆ ಇಳಿದು ಬಾಗಿಲು ಹಲಗೆಯಾಗಿಬಿಡುತ್ತದೆ, ಬಾಗುವುದಿಲ್ಲ ಎಂದು ನನಗೆ ಹೇಳಿಕೊಟ್ಟಳು. ಬಟ್ಟೆ ತೋಯಬೇಕು, ತೊಟ್ಟಿಕ್ಕಬಾರದು. ಅದನ್ನು ಹಾಸಿ ರುಬ್ಬುಗುಂಡಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಬಂದಳು. ಅವಸರದ ಕೈ ಎಂದು ಆಯಿ ಅಂದಿದ್ದಳಲ್ಲ, ಆ ಕೈ ಅಷ್ಟು ನಿಧಾನ ಆಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಳಗೆ ಮುದುಕಿಯ ತುಟಿ ಒಣಗುತ್ತಿತ್ತು. ಕೆಂಡದ ಇಸ್ತ್ರಿ ಎಳೆದು ಬೇಗ ಆರಿಸೋಣ ವೈನಿ ಎಂದು ಕಾಕಾ ಇಸ್ತ್ರಿ ತಂದ. ಬಟ್ಟೆ ಸೆಟೆದರೆ ಪಟ್ಟಿ ಡೊಂಕಾಗುತ್ತವೆ ಎಂದು ಅವ್ವ ಅದನ್ನು ದೂರ ಇಡಿಸಿದಳು. ಹೊರಗೆ ಜಿಟಿಜಿಟಿ ಹಿಡಿದಿತ್ತು. ಬಟ್ಟೆ ಮುಟ್ಟಿದರೆ ತಣ್ಣಗೆ ಬೆರಳಿಗೆ ಅಂಟುತ್ತಿತ್ತು.

ನನ್ನನ್ನು ಆಯಿಯ ಹತ್ತಿರ ಕೂಡಿಸಿದ್ದರು. ಮಧ್ಯಾಹ್ನ ದಾಟಿದ ಮೇಲೆ ಅವಳು ಕೂರಲಾರದೆ ಅಡ್ಡಾದಳು. ನಾಲಿಗೆ ಹೊರಗೆ ಬಂದು ತುಟಿ ಸವರಿ ಒಳಗೆ ಹೋಗುವುದನ್ನು ನೋಡುತ್ತ ಕೂತೆ. ಅಪ್ಪ ಬಿಟ್ಟುಹೋದ ತಂಬಿಗೆ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಅವಳು ಅದರ ಕಡೆ ಒಮ್ಮೆಯೂ ನೋಡಲಿಲ್ಲ. ಅಪ್ಪ ಪಡಸಾಲೆಯಿಂದ ನಡುಮನೆಗೆ, ನಡುಮನೆಯಿಂದ ಪಡಸಾಲೆಗೆ ತಿರುಗುತ್ತಿದ್ದ. ಹಾಯುವಾಗ ಬಗ್ಗಿ ತಾಯಿಯ ಹಣೆ ಮುಟ್ಟಿ ನೋಡುವನು. ಇಳಿಹೊತ್ತಿಗೆ ಹಣೆ ಬೆಚ್ಚಗಾಗತೊಡಗಿತ್ತು. ಅವನು ಅವ್ವನ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಅವ್ವ ಮುಖ ತಪ್ಪಿಸಲಿಲ್ಲ. ದೀಪಕ್ಕೆ ಎಣ್ಣೆ ಹಾಕುವ ಹೊತ್ತಾದಾಗ ಎಣ್ಣೆಯ ಗಿಂಡಿ ತಂದು ಎಂದಿನಂತೆ ದೂರ ಇಟ್ಟಳು. ಆಯಿ ಕಣ್ಣು ತೆರೆದಳು.

"ನೀ ಉಂಡೀ ಏನು?"

"ಇಲ್ರಿ."

"ನೀರ?"

"ಇಲ್ರಿ."

"ನಿನಗ ಏನಾಗೇತಿ?"

"ಬಾಗಿಲಾ ಮುಚ್ಚಿಲ್ಲಲ್ರಿ, ಅತ್ತಿ."

ಆಯಿ ಮೊಣಕೈ ಊರಿ ಎದ್ದು ಕೂತಳು. ಅವ್ವನನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಬೆಳಗಿನಿಂದ ಬೀಜ ಹುರಿದು, ಕುಟ್ಟಿ, ಬೀಸಿದ ಅವ್ವನ ತುಟಿಯೂ ಒಣಗಿ ಬಿರಿದಿದ್ದದ್ದು ನನಗೆ ಆಗ ಕಂಡಿತು. ಆಯಿಗೆ ನನಗಿಂತ ಮೊದಲೇ ಕಂಡಿರಬೇಕು.

"ಎದ್ದ ನಿಲ್ಲತೈತೇನು, ಅದು?"

"ಏನ್ರಿ?"

"ಬಾಗಿಲಾ. ಸರದಾಡೂದ ನಾಳೆ ಸರದಾಡ್ಲಿ. ಇವತ್ತ ನಿಂತ್ರ ಸಾಕು. ಹಲಿಗಿ ಸೈತ ತಂದ ನಿಲ್ಲಸ್ರಿ."

ಅಪ್ಪ, ಕಾಕಾ ಹಿತ್ತಲಿಗೆ ಓಡಿದರು. ಹಸಿ ಬಾಗಿಲನ್ನು ಹಲಗೆಗೆ ಹಗ್ಗದಿಂದ ಬಿಗಿದು, ಹೆಣ ಎತ್ತಿದಷ್ಟು ನಿಧಾನಕ್ಕೆ ಎತ್ತಿ ತಂದರು. ಅದನ್ನು ಜಗಲಿಯ ಮುಂದೆ ನೆಟ್ಟಗೆ ನಿಲ್ಲಿಸಿದರು. ಬೀಜದ ಅಂಟು ಅರ್ಧ ಮಾತ್ರ ಆರಿತ್ತು. ಒಂದು ಪಟ್ಟಿ ಜಾರಿದರೂ ಉಳಿದವು ಜಾರುತ್ತವೆ. ಮೇಲಿನದು ತುಸು ಕೆಳಗಿಳಿದು ಅದರ ಕೆಳಗಿನದರ ಮೇಲೆ ಕೂತಿತು. ಮುಂದೆ ಅಲುಗಲಿಲ್ಲ. ಬಟ್ಟೆ ದೇವರ ಕಡೆಗೆ, ಪಟ್ಟಿಗಳ ಮುಖ ಮತ್ತು ಹಲಗೆ ನಮ್ಮ ಕಡೆಗೆ. ಅಪ್ಪ ಹಲಗೆಗೆ ಭುಜ ಕೊಟ್ಟು ಕಪಾಟಿನ ಬಾಯಿಗೆ ಒತ್ತಲು ಹೋದ. ಆಯಿ ತಡೆದಳು.

"ನೀ ಸರಿ. ಶಾಂತಾ, ನೀನ ಮುಚ್ಚು. ಸಾವಕಾಶ."

ಅವ್ವ ಅಂಗೈ ಇಟ್ಟು ಒತ್ತಿದಳು. ಟಕ್ ಎಂಬ ಸದ್ದು ಬರಲಿಲ್ಲ, ಹಸಿ ಬಾಗಿಲು ಕಟ್ಟಿಗೆಗೆ ತಾಗಿದ ಮಂದ ಸದ್ದು. ಆಯಿ ತಂಬಿಗೆಯತ್ತ ಕೈ ಚಾಚಿದಳು. ಅಪ್ಪ ಅದನ್ನು ಎತ್ತಿ ಅವಳ ಬಾಯಿಗೆ ಹಿಡಿದ. ನಾಲ್ಕು ಗುಟುಕು ಕುಡಿದು, ತಂಬಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು ಅವಳೇ ಅವ್ವನಿಗೆ ಕೊಟ್ಟಳು. ಮರುದಿನ ಪೂಜೆ ತಡವಾಗಿಯೇ ಆಯಿತು, ಬಾಗಿಲು ತೋಡಿಗೆ ಏರಿದ ಮೇಲೆ. ಅಂದಿನಿಂದ ಮುಚ್ಚುವ ಕೆಲಸ ಅವ್ವನದಾಯಿತು.

ಹುಣಸೆ ಬೀಜದ ಅಂಟಿಗೆ ಒಂದು ದೋಷವಿದೆ. ಮಳೆಗಾಲದ ತಂಪಿಗೆ ಅದು ಬಿಡುತ್ತದೆ. ಮುಂದಿನ ವರ್ಷ ಬಿಟ್ಟಿತು, ಅದರ ಮುಂದಿನ ವರ್ಷವೂ ಬಿಟ್ಟಿತು. ಆಯಿ ಬೇಸರಪಡಲಿಲ್ಲ. ಶ್ರಾವಣದ ಮೊದಲ ಸೋಮವಾರಕ್ಕೆ ಮುಂಚೆ ಬಾಗಿಲು ಬಿಚ್ಚಿ ಹೊಸದಾಗಿ ಅಂಟಿಸುವುದು ಮನೆಯ ಪದ್ಧತಿಯಾಯಿತು. ಅವ್ವ ಹುರಿದರೆ ಆಯಿ ಕುಟ್ಟುವಳು. ಹುಳ ಬೀಳದಂತೆ ಅಪ್ಪ ಬೇವಿನೆಲೆ ಕುದಿಸಿದ ನೀರು ಕೊಡುವನು. ಅಂಟು ಕುದಿಯುವ ಹೊತ್ತಿನಲ್ಲಿ ಅತ್ತೆ ಸೊಸೆ ಉಪ್ಪು ಎಣ್ಣೆ ಬಿಟ್ಟು ಬೇರೆ ಮಾತೂ ಆಡುತ್ತಿದ್ದರು. ಊರಿನವರ ಮಾತು, ನಗೆ, ಒಮ್ಮೊಮ್ಮೆ ಜಗಳ. ಅಪ್ಪ ಅಂದು ಆಡಿದ ಮಾತನ್ನು ಅವ್ವ ಎಂದೂ ಎತ್ತಲಿಲ್ಲ. ಆಯಿ ತೀರಿಕೊಂಡ ವರ್ಷ ಕುಟ್ಟಲು ಅಪ್ಪನೇ ಒರಳಿನ ಮುಂದೆ ಕೂತ, ಯಾರೂ ಹೇಳದೆ.

ಮಹಾಂತೇಶ ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದು ಏನು ಮಾಡಿದಿ ಅತ್ತಿ ಎಂದು ಕೇಳಿದ. ಅಂಟು ಒಳ್ಳೆಯದೇ, ನನ್ನ ಆಯಿ ಇದ್ದರೂ ಬೇಡವೆನ್ನಲು ಕಾರಣ ಸಿಗುತ್ತಿರಲಿಲ್ಲ ಎಂದೆ. ಆದರೆ ಬಟ್ಟೆ ಒಂದಲ್ಲ ಒಂದು ದಿನ ಲಡ್ಡಾಗಿಯೇ ಆಗುತ್ತದೆ. ಆಗ ಇದನ್ನು ಬಿಡಿಸುವುದು ಹೇಗೆ ಎಂದು ಕೇಳಿದೆ. ಬಿಡುವುದಿಲ್ಲ ಅತ್ತಿ, ಉಳಿ ಹಾಕಿ ಹೆರೆಯಬೇಕು, ಪಟ್ಟಿ ಉಳಿಯುತ್ತವೆ ಅನ್ನಲಾರೆ ಎಂದು ಅವನೇ ಒಪ್ಪಿಕೊಂಡ. ಅವನ ಹೆಂಡತಿ ಸುಜಾತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಈ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನನ್ನ ಗಂಟೆ, ನನ್ನ ಪದ್ಧತಿ, ನನ್ನ ಮಡಚಿದ ಹಾಸಿಗೆ ಕಂಡರೆ ಅವಳಿಗೆ ಸ್ವಲ್ಪ ಹೆದರಿಕೆ. ನಮ್ಮಿಬ್ಬರ ಮಾತೂ ಉಪ್ಪು ಎಣ್ಣೆ ದಾಟಿಲ್ಲ.

"ಬೀಜ ಹುರಿಯಾಕ ಬರ್ತೈತೇನು ನಿನಗ?" ಎಂದು ಕೇಳಿದೆ.

"ಬರೂದಿಲ್ರಿ, ಹೊತ್ತಸ್ತೀನಿ ನೋಡ್ರಿ," ಅಂದಳು.

"ಹೊತ್ತಿದ್ರ ಮತ್ತ ಹುರದ್ರಾತು. ಹಂಚ ಇಡು."